ಮಗುವನ್ನೇ ಕೇಳಿದವರು ಯಾರು?

1910ರ ಏಪ್ರಿಲ್ 20 ಮತ್ತು 27, ಎರಡೂ ಬುಧವಾರಗಳು. ವಿಯೆನ್ನಾ ನಗರದಲ್ಲಿ ಸಿಗ್ಮಂಡ್ ಫ್ರಾಯ್ಡ್ ಅವರ ಸುತ್ತ ಸೇರುತ್ತಿದ್ದ ಮನೋವಿಶ್ಲೇಷಣಾ ಸಂಘದ ಸದಸ್ಯರು ಆ ಎರಡು ಸಂಜೆಗಳನ್ನು ಒಂದೇ ವಿಷಯಕ್ಕೆ ಮೀಸಲಿಟ್ಟರು. ಅದು ಶಾಲೆ ಕಲಿಯುವ ಮಕ್ಕಳ ಆತ್ಮಹತ್ಯೆ. ಫ್ರಾಯ್ಡ್, ಆಲ್‌ಫ್ರೆಡ್ ಆಡ್ಲರ್, ವಿಲ್ಹೆಲ್ಮ್ ಸ್ಟೆಕೆಲ್ ಮೊದಲಾದ ಘಟಾನುಘಟಿಗಳು ಮಾತನಾಡಿದರು. ಅದೇ ವರ್ಷ ಆ ಮಾತುಕತೆ ಕಿರುಹೊತ್ತಗೆಯಾಗಿಯೂ ಪ್ರಕಟವಾಯಿತು. ಮಕ್ಕಳು ಏಕೆ ಹೀಗೆ ಮಾಡಿಕೊಳ್ಳುತ್ತಾರೆ ಎಂಬುದನ್ನು ಕುರಿತು ವೈದ್ಯರು, ಅಧ್ಯಾಪಕರು ಒಂದೆಡೆ ಕುಳಿತು ನಡೆಸಿದ ಮೊದಮೊದಲ ಚರ್ಚೆಗಳಲ್ಲಿ ಇದೂ ಒಂದು.

ಚರ್ಚೆಗೆ ಕಾರಣವಿಲ್ಲದೆ ಇರಲಿಲ್ಲ. ಜರ್ಮನ್ ಭಾಷೆಯ ನಾಡುಗಳಲ್ಲಿ ಆಗ ಇದು ಮನೆಮಾತಾಗಿದ್ದ ವಿಷಯ. ಬರ್ಲಿನ್ ನಗರದ ಸೆರೆಮನೆಯ ವೈದ್ಯರಾಗಿದ್ದ ಅಬ್ರಹಾಂ ಬೇಯರ್ 1901ರಲ್ಲಿಯೇ ಬಾಲ್ಯದ ಆತ್ಮಹತ್ಯೆಗಳ ಮೇಲೆ ಪುಸ್ತಕವೊಂದನ್ನು ಬರೆದಿದ್ದರು. ಅದೇ ನಗರದ ನರರೋಗ ತಜ್ಞ ಆಲ್ಬರ್ಟ್ ಆಯ್ಲೆನ್‌ಬುರ್ಗ್ ಪ್ರಷ್ಯಾ ಸರ್ಕಾರದ ಶಿಕ್ಷಣ ಖಾತೆಯ ಕಡತಗಳನ್ನು ತೆರೆದು, ಸತ್ತ ವಿದ್ಯಾರ್ಥಿಗಳ ಪ್ರಕರಣಗಳನ್ನು ಒಂದೊಂದಾಗಿ ಓದಿ ವಿಂಗಡಿಸಿದ್ದರು. ಸಾಹಿತಿಗಳೂ ಸುಮ್ಮನಿರಲಿಲ್ಲ. ಫ್ರಾಂಕ್ ವೆಡೆಕಿಂಡ್ 1891ರಲ್ಲಿ ಪ್ರಕಟಿಸಿದ ನಾಟಕದಲ್ಲಿ ಪರೀಕ್ಷೆಯಲ್ಲಿ ಸೋತ ಹುಡುಗನೊಬ್ಬನ ಸಾವು ಬರುತ್ತದೆ. ಹರ್ಮನ್ ಹೆಸ್ಸೆ 1906ರಲ್ಲಿ ಬರೆದ ಕಾದಂಬರಿಯೊಂದರ ನಾಯಕ, ಓದಿನ ಗಾಲಿಗೆ ಸಿಕ್ಕಿ ನಜ್ಜುಗುಜ್ಜಾದ ಬಾಲಕ. ಶಿಸ್ತಿಗೆ ಹೆಸರಾದ ಜರ್ಮನ್ ಪ್ರೌಢಶಾಲೆಯೇ ಕೊಲೆಗಡುಕ ಎಂಬ ಕೂಗು ಬಲವಾಗಿ ಎದ್ದಿತ್ತು.

ವಿಯೆನ್ನಾದ ಸಭೆಯಲ್ಲಿ ಶಾಲೆಯ ಪರವಾಗಿ ವಾದಿಸಿದವರು ಡೇವಿಡ್ ಅರ್ನ್‌ಸ್ಟ್ ಓಪನ್‌ಹೈಮ್ ಎಂಬ ಅಧ್ಯಾಪಕರು. ಗ್ರೀಕ್ ಮತ್ತು ಲ್ಯಾಟಿನ್ ಕಲಿಸುತ್ತಿದ್ದವರು. ಮುದ್ರಿತ ಹೊತ್ತಗೆಯಲ್ಲಿ ಅವರು ತಮ್ಮ ಹೆಸರನ್ನು ಹಾಕಿಕೊಳ್ಳಲಿಲ್ಲ. ಹಲವರಲ್ಲಿ ಒಬ್ಬ ಎಂಬ ಅರ್ಥದ ಲ್ಯಾಟಿನ್ ಗುಪ್ತನಾಮ ಬಳಸಿದರು. ಬೇರೆಲ್ಲರ ತಪ್ಪನ್ನೂ ಶಾಲೆಯ ತಲೆಗೆ ಕಟ್ಟಬೇಡಿ, ಅಂಕಿಸಂಖ್ಯೆಗಳನ್ನು ಅವಸರದಲ್ಲಿ ನಂಬಬೇಡಿ ಎಂಬುದು ಅವರ ವಾದದ ತಿರುಳು. ಫ್ರಾಯ್ಡ್ ಇದನ್ನು ಪೂರ್ತಿ ಒಪ್ಪಲಿಲ್ಲ. ಶಾಲೆಗೆ ಹೋಗದೆ ಕಸುಬು ಕಲಿಯುತ್ತಿರುವ ಹುಡುಗರೂ ಸಾಯುತ್ತಾರೆಂದ ಮಾತ್ರಕ್ಕೆ ಶಾಲೆ ನಿರ್ದೋಷಿಯಾಗುವುದಿಲ್ಲ. ಮಕ್ಕಳನ್ನು ಸಾವಿಗೆ ದೂಡದಿದ್ದರೆ ಸಾಲದು, ಬದುಕುವ ಆಸೆಯನ್ನೂ ಶಾಲೆ ಅವರಲ್ಲಿ ತುಂಬಬೇಕು ಎಂದು ಅವರು ಹೇಳಿದರು. ಎರಡನೆಯ ಸಂಜೆಯ ಕೊನೆಗೆ ಅವರೇ, ಮೂಲ ಪ್ರಶ್ನೆಗೆ ಉತ್ತರ ಸಿಕ್ಕಿಲ್ಲ, ಅನುಭವ ಅದನ್ನು ಬಿಡಿಸುವವರೆಗೆ ತೀರ್ಪು ಕೊಡುವುದು ಬೇಡ ಎಂಬ ಮಾತಿನೊಂದಿಗೆ ಚರ್ಚೆಯನ್ನು ಮುಗಿಸಿದರು. ಅಂದಹಾಗೆ, ಈ ಓಪನ್‌ಹೈಮ್ ಮುಂದಿನ ವರ್ಷವೇ ಆಡ್ಲರ್ ಜೊತೆ ಫ್ರಾಯ್ಡ್ ಬಳಗವನ್ನು ಬಿಟ್ಟರು. ಯಹೂದಿಯಾಗಿದ್ದ ಅವರು 1943ರಲ್ಲಿ ನಾಜಿಗಳ ಥೆರೇಸಿಯನ್‌ಸ್ಟಾಟ್ ಶಿಬಿರದಲ್ಲಿ ತೀರಿಕೊಂಡರು. ಆಸ್ಟ್ರೇಲಿಯಾದ ಹೆಸರಾಂತ ತತ್ತ್ವಶಾಸ್ತ್ರಜ್ಞ ಪೀಟರ್ ಸಿಂಗರ್ ಇವರ ಮೊಮ್ಮಗ.

ಇಂದು ಆ ಎರಡು ಸಂಜೆಗಳ ವಿವರ ಓದುವವರಿಗೆ ಒಂದು ಸಂಗತಿ ಕಣ್ಣಿಗೆ ಹೊಡೆಯುತ್ತದೆ. ತಪ್ಪು ಶಾಲೆಯದೇ, ಮನೆಯದೇ, ಹುಟ್ಟುಗುಣದ್ದೇ ಎಂಬ ಜಗ್ಗಾಟದಲ್ಲಿ ಆಧಾರವಾಗಿ ಬಂದದ್ದು ಸರ್ಕಾರಿ ಕಡತ, ಪತ್ರಿಕಾ ವರದಿ, ಗುರುಗಳ ಅನುಭವ, ದೊಡ್ಡವರಾದ ಮೇಲೆ ರೋಗಿಗಳು ನೆನಪಿಸಿಕೊಂಡ ಬಾಲ್ಯ. ಎಲ್ಲವೂ ದೊಡ್ಡವರ ಮಾತು. ಸಾಯುವ ಯೋಚನೆ ಹೊತ್ತು ಓಡಾಡುತ್ತಿರುವ ಮಗುವನ್ನೇ ಕೂರಿಸಿಕೊಂಡು ಕೇಳುವ ಕ್ರಮವೊಂದು ಆಗ ಇನ್ನೂ ಹುಟ್ಟಿರಲಿಲ್ಲ. ಮಕ್ಕಳ ಆತ್ಮಹತ್ಯೆಯ ಸಂಶೋಧನೆಯ ನೂರು ವರ್ಷಗಳ ಚರಿತ್ರೆಯನ್ನು ಹೀಗೂ ಹೇಳಬಹುದು: ಅದು ದೊಡ್ಡವರು ಮಗುವನ್ನು ಕೇಳಲು ಕಲಿತ ಚರಿತ್ರೆ. ಕಲಿಯಲು ಬಹಳ ಕಾಲ ಹಿಡಿಯಿತು.

ಕಡತಗಳ ಸ್ವಭಾವವನ್ನು ಸ್ವಲ್ಪ ಗಮನಿಸಬೇಕು. ಮಗು ಸತ್ತಿದೆ. ಕಾರಣ ಎಂಬ ಕಲಮಿನ ಮುಂದೆ ಏನನ್ನಾದರೂ ಬರೆಯಲೇಬೇಕು. ಬರೆಯುವವನು ಪೊಲೀಸ್ ಅಧಿಕಾರಿ ಅಥವಾ ಶಾಲೆಯ ಮುಖ್ಯಸ್ಥ. ಹೇಳುವವರು ತಂದೆತಾಯಿ. ಇವರಲ್ಲಿ ಯಾರೂ ತಟಸ್ಥರಲ್ಲ. ಮನೆಯವರಿಗೆ ಶಾಲೆ ಕಾರಣವಾದರೆ ಸಂಕಟ ತುಸು ಕಡಿಮೆ. ಶಾಲೆಗೆ ಮನೆ ಕಾರಣವಾದರೆ ನಿಶ್ಚಿಂತೆ. ಆಯ್ಲೆನ್‌ಬುರ್ಗ್ ಓದಿದ ಕಡತಗಳಲ್ಲಿ ಪರೀಕ್ಷೆಯ ಭಯ, ಶಿಕ್ಷೆಯ ಭಯ ದೊಡ್ಡ ಪಾಲು ಪಡೆದಿದ್ದವು. ಅದು ಸುಳ್ಳೆಂದಲ್ಲ. ಆದರೆ ಅದೇ ಪರೀಕ್ಷೆಯಲ್ಲಿ ಸೋತ ಉಳಿದ ಸಾವಿರಾರು ಹುಡುಗರು ಏಕೆ ಬದುಕಿಕೊಂಡರು ಎಂಬ ಪ್ರಶ್ನೆಗೆ ಕಡತದಲ್ಲಿ ಜಾಗವೇ ಇರಲಿಲ್ಲ.

ಆಮೇಲಿನ ಐದು ದಶಕಗಳು ಹೆಚ್ಚೇನನ್ನೂ ಸೇರಿಸಲಿಲ್ಲ ಎಂದರೆ ತಪ್ಪಾಗದು. ಎರಡು ಮಹಾಯುದ್ಧಗಳು ನಡುವೆ ಬಂದವು. ಅದಕ್ಕಿಂತ ಮುಖ್ಯವಾಗಿ, ಮಕ್ಕಳಿಗೆ ಖಿನ್ನತೆ ಬರುವುದೇ ಇಲ್ಲ ಎಂಬ ನಂಬಿಕೆ ಮನೋವೈದ್ಯರಲ್ಲಿಯೇ ಬೇರೂರಿತ್ತು. ಖಿನ್ನತೆಗೆ ಪಕ್ವವಾದ ಅಂತಃಸಾಕ್ಷಿ ಬೇಕು, ಮಗುವಿನಲ್ಲಿ ಅದು ಇನ್ನೂ ಮೂಡಿರುವುದಿಲ್ಲ, ಆದ್ದರಿಂದ ಮಗುವಿಗೆ ಖಿನ್ನತೆ ಇಲ್ಲ ಎಂಬುದು ತರ್ಕ. ಸಿದ್ಧಾಂತ ಚೊಕ್ಕಟವಾಗಿತ್ತು, ಮಗುವನ್ನು ಮಾತ್ರ ಯಾರೂ ವಿಚಾರಿಸಲಿಲ್ಲ. 1970ರ ದಶಕದ ಹೊತ್ತಿಗಷ್ಟೇ ಈ ನಂಬಿಕೆ ಸಡಿಲವಾಯಿತು.

ಅಷ್ಟರಲ್ಲಿ ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಹೊಸದೊಂದು ವಿಧಾನ ರೂಪುಗೊಂಡಿತ್ತು. ಎಡ್ವಿನ್ ಶ್ನೀಡ್‌ಮನ್, ನಾರ್ಮನ್ ಫಾರ್ಬೆರೋ ಮತ್ತು ರಾಬರ್ಟ್ ಲಿಟ್‌ಮನ್ 1958ರಲ್ಲಿ ಅಲ್ಲಿ ಆತ್ಮಹತ್ಯೆ ತಡೆ ಕೇಂದ್ರವನ್ನು ತೆರೆದರು. ಅನುಮಾನಾಸ್ಪದ ಸಾವುಗಳಲ್ಲಿ ಸತ್ತವರ ಮನಸ್ಥಿತಿ ಹೇಗಿತ್ತೆಂದು ತಿಳಿಯಲು ಬಂಧುಗಳು, ಗೆಳೆಯರು, ವೈದ್ಯರನ್ನು ಕ್ರಮಬದ್ಧವಾಗಿ ಮಾತನಾಡಿಸುವ ಪದ್ಧತಿ ಅಲ್ಲಿ ಬೆಳೆಯಿತು. ದೇಹಕ್ಕೆ ಶವಪರೀಕ್ಷೆ ಇರುವಂತೆ ಇದು ಮನಸ್ಸಿನ ಶವಪರೀಕ್ಷೆ. ಹೆಸರು ಕಟುವಾದರೂ ಉದ್ದೇಶ ಮಾನವೀಯವಾಗಿತ್ತು. ಒಂದೇ ಪದದ ಕಾರಣ ಬರೆದು ಕಡತ ಮುಚ್ಚುವ ಬದಲು, ಆ ಮನುಷ್ಯನ ಕೊನೆಯ ತಿಂಗಳುಗಳನ್ನು ಮತ್ತೆ ಕಟ್ಟಿ ನೋಡುವ ಪ್ರಯತ್ನ ಅದು.

ಮಕ್ಕಳ ಸಾವುಗಳನ್ನು ಇದೇ ಬಗೆಯ ತಾಳ್ಮೆಯಿಂದ ನೋಡಿದವರಲ್ಲಿ ಮೊದಲಿಗರು ಡೇವಿಡ್ ಶಾಫರ್. 1962ರಿಂದ 1968ರವರೆಗೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಆತ್ಮಹತ್ಯೆ ಮಾಡಿಕೊಂಡ ಹದಿನೈದಕ್ಕಿಂತ ಕಿರಿಯ ಮಕ್ಕಳೆಲ್ಲರ ದಾಖಲೆಗಳನ್ನು ಅವರು ಹುಡುಕಿ ತೆಗೆದರು. ಸಿಕ್ಕವರು ಸುಮಾರು 30 ಮಂದಿ. ಸಂಖ್ಯೆ ಚಿಕ್ಕದು. ಶಾಲೆಯ ದಾಖಲೆ, ವೈದ್ಯರ ಟಿಪ್ಪಣಿ, ಸಾವಿನ ವಿಚಾರಣೆಯ ವರದಿ ಎಲ್ಲವನ್ನೂ ಒಟ್ಟಿಗೆ ಇಟ್ಟು ಓದಿದಾಗ ಒಂದು ಚಿತ್ರ ಮೂಡಿತು. 1974ರಲ್ಲಿ ಅದು ಪ್ರಕಟವಾಯಿತು. ಸಾವಿಗೆ ತೀರ ಹತ್ತಿರದಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಂಡದ್ದು ಶಿಸ್ತಿನ ಬಿಕ್ಕಟ್ಟು: ಶಾಲೆ ತಪ್ಪಿಸಿದ್ದೋ ಮತ್ತೇನೋ ಬಯಲಾಗಿ, ವಿಷಯ ಮನೆಗೆ ತಿಳಿಯಲಿದೆ ಎಂದು ಮಗುವಿಗೆ ಗೊತ್ತಾದ ಗಳಿಗೆ. ಇನ್ನೊಂದು ಸಂಗತಿ ಇದಕ್ಕಿಂತ ನೋವಿನದು. ಈ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಸಾಯುವ ಮಾತನ್ನು ಮೊದಲೇ ಆಡಿದ್ದರು ಅಥವಾ ಅಂಥ ಪ್ರಯತ್ನ ಮಾಡಿದ್ದರು. ಮಾತು ಕಿವಿಗೆ ಬಿದ್ದಿತ್ತು. ಅದನ್ನು ಹಿಡಿದು ಮುಂದಕ್ಕೆ ಕೇಳಿದವರಿರಲಿಲ್ಲ.

ಶಾಫರ್ ಮುಂದೆ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿ ಅವರೂ ಸಂಗಡಿಗರೂ ಇಪ್ಪತ್ತರ ಒಳಗಿನ 120 ಆತ್ಮಹತ್ಯೆಗಳನ್ನು, ಅದೇ ವಯಸ್ಸಿನ ಬದುಕಿರುವ ಮಕ್ಕಳ ಒಂದು ಗುಂಪಿನೊಡನೆ ಹೋಲಿಸಿದರು. 1910ರಲ್ಲಿ ಯಾರೂ ಕೇಳದಿದ್ದ ಪ್ರಶ್ನೆ, ಅಂದರೆ ಬದುಕಿಕೊಂಡವರ ಕಥೆ ಏನು ಎಂಬುದು, ಹೀಗೆ ಸಂಶೋಧನೆಯ ಒಳಗೆ ಬಂತು. 1996ರಲ್ಲಿ ಹೊರಬಂದ ಫಲಿತಾಂಶದಂತೆ, ಸತ್ತ ಮಕ್ಕಳಲ್ಲಿ ಹತ್ತಕ್ಕೆ ಒಂಬತ್ತು ಮಂದಿಗೆ ಖಿನ್ನತೆಯೋ, ಅಮಲು ಪದಾರ್ಥದ ಚಟವೋ, ನಡವಳಿಕೆಯ ದೋಷವೋ, ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ಪಿಟ್ಸ್‌ಬರ್ಗ್‌ನಲ್ಲಿ ಡೇವಿಡ್ ಬ್ರೆಂಟ್ ನಡೆಸಿದ ಅಧ್ಯಯನಗಳೂ ಇದನ್ನೇ ಹೇಳಿದವು. ಜೊತೆಗೆ, ಪ್ರಾಣ ತೆಗೆಯಬಲ್ಲ ಸಾಧನ ಮನೆಯಲ್ಲಿ ಕೈಗೆಟುಕುವಂತಿದ್ದರೆ ಅಪಾಯ ಹೆಚ್ಚುತ್ತದೆ ಎಂದೂ ತೋರಿಸಿದವು. ಹರೆಯದವರಲ್ಲಿ ಆ ಆವೇಗ ಬಹಳ ವೇಳೆ ಬಂದಷ್ಟೇ ಬೇಗ ಇಳಿಯುತ್ತದೆ. ಆ ಗಳಿಗೆಯನ್ನು ದಾಟಿಸಿದರೆ ಜೀವ ಉಳಿಯುತ್ತದೆ. ಸಾಧನವನ್ನು ಬೀಗ ಹಾಕಿ ಇಡಿ ಎಂಬ ವೈದ್ಯರ ಸಲಹೆ, ಕೇಳಲು ತೀರ ಸಾಮಾನ್ಯವೆನಿಸಿದರೂ, ಬಹುಕಾಲದ ಸಂಶೋಧನೆಯ ಫಲ.

ಆದರೂ ಇದೆಲ್ಲ ಸತ್ತವರ ಸುತ್ತಲಿನವರನ್ನು ಕೇಳಿದ ಸಂಶೋಧನೆಯೇ. ಬದುಕಿರುವ ಮಗುವನ್ನು ಎದುರಿಗೆ ಕೂರಿಸಿಕೊಂಡು ಕೇಳುವ ಕೆಲಸವನ್ನು ನ್ಯೂಯಾರ್ಕಿನ ಸಿಂಥಿಯಾ ಫೆಫರ್ 1970ರ ದಶಕದ ಕೊನೆಯಲ್ಲಿ ಕೈಗೆತ್ತಿಕೊಂಡರು. ಅವರು ಮಾತನಾಡಿಸಿದ್ದು ಆರರಿಂದ ಹನ್ನೆರಡು ವರ್ಷದೊಳಗಿನ ಮಕ್ಕಳನ್ನು. ಅಷ್ಟು ಚಿಕ್ಕವರಲ್ಲಿಯೂ ಸಾಯುವ ಯೋಚನೆ ಇರಬಲ್ಲದು, ಮೆಲ್ಲಗೆ ಕೇಳಿದರೆ ಅದನ್ನು ಅವರು ಹೇಳಬಲ್ಲರು ಎಂದು ಅವರ ಲೇಖನಗಳು, 1986ರ ಪುಸ್ತಕ ತೋರಿಸಿಕೊಟ್ಟವು.

1991ರಿಂದ ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಪ್ರೌಢಶಾಲೆಯ ಮಕ್ಕಳಿಗೆ ಎರಡು ವರ್ಷಕ್ಕೊಮ್ಮೆ ಹೆಸರಿಲ್ಲದ ಪ್ರಶ್ನಾವಳಿ ಹಂಚತೊಡಗಿತು. ಕಳೆದ ಒಂದು ವರ್ಷದಲ್ಲಿ ಸಾಯುವುದನ್ನು ಗಂಭೀರವಾಗಿ ಯೋಚಿಸಿದ್ದೀರಾ ಎಂಬುದು ಅದರಲ್ಲಿ ಒಂದು ಪ್ರಶ್ನೆ. 2023ರ ಸಮೀಕ್ಷೆಯಲ್ಲಿ ಐವರಲ್ಲಿ ಒಬ್ಬರು ಹೌದು ಎಂದಿದ್ದರು. ಹೀಗೆ ಯೋಚಿಸಿದವರಲ್ಲಿ ಬಹುತೇಕರು ಸಾಯುವುದಿಲ್ಲ ಎಂಬುದೂ ನಿಜವೇ. ಆದರೆ ಇಷ್ಟು ಮಕ್ಕಳು ತರಗತಿಯಲ್ಲಿ ಸುಮ್ಮನೆ ಕುಳಿತು ಲೆಕ್ಕ ಬಿಡಿಸುತ್ತಿರುತ್ತಾರೆ ಎಂಬುದು ದೊಡ್ಡವರ ಕಲ್ಪನೆಗೆ ಮೀರಿದ್ದು. ಮನೆಯವರಿಗೆ ತಿಳಿದಿರುವುದಿಲ್ಲವೆ? 2019ರಲ್ಲಿ ಫಿಲಡೆಲ್ಫಿಯಾದ ಸಂಶೋಧಕರು ಹನ್ನೊಂದರಿಂದ ಹದಿನೇಳು ವಯಸ್ಸಿನ 5,137 ಮಕ್ಕಳನ್ನೂ ಅವರ ತಂದೆತಾಯಿಯನ್ನೂ ಬೇರೆಬೇರೆಯಾಗಿ ವಿಚಾರಿಸಿದ ವಿವರ ಪ್ರಕಟಿಸಿದರು. ಸಾಯುವ ಯೋಚನೆ ಬಂದಿದೆ ಎಂದ ಮಕ್ಕಳ ತಂದೆತಾಯಿಯಲ್ಲಿ ಅರ್ಧದಷ್ಟು ಮಂದಿಗೆ ಆ ವಿಷಯವೇ ಗೊತ್ತಿರಲಿಲ್ಲ. ಇವರು ಪ್ರೀತಿಯಿಲ್ಲದ ತಂದೆತಾಯಿಯೇನಲ್ಲ. ಕೇಳಿರಲಿಲ್ಲ, ಅಷ್ಟೆ.

ಏಕೆ ಕೇಳುವುದಿಲ್ಲ? ಇಲ್ಲಿ ಒಂದು ಹಳೆಯ ಭಯ ಅಡ್ಡ ನಿಂತಿದೆ. ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ತುಂಬಿದಂತಾಗುತ್ತದೆ ಎಂಬ ಭಯ. ಅಜ್ಜಿಯರು ಅಮಂಗಳದ ಮಾತು ಆಡಬಾರದು, ಅಸ್ತು ದೇವತೆಗಳು ತಥಾಸ್ತು ಎಂದುಬಿಡುತ್ತಾರೆ ಎನ್ನುತ್ತಿದ್ದರಲ್ಲ, ಅದೇ ಭಯ ಯುರೋಪು, ಅಮೆರಿಕದ ಶಾಲಾ ಆಡಳಿತಗಳಲ್ಲಿಯೂ ಇತ್ತು. ಅದು ಬರಿಯ ಮೂಢನಂಬಿಕೆಯೂ ಅಲ್ಲ. 1774ರಲ್ಲಿ ಗಯಟೆ ಬರೆದ ವೆರ್ಟರ್ ಕಾದಂಬರಿಯ ನಾಯಕ ಕೊನೆಗೆ ಆತ್ಮಹತ್ಯೆ ಮಾಡಿಕೊಳ್ಳುತ್ತಾನೆ. ಅದನ್ನೋದಿ ಯುವಕರು ಅವನನ್ನು ಅನುಕರಿಸುತ್ತಾರೆಂಬ ಆತಂಕದಿಂದ ಲೈಪ್‌ಜಿಗ್ ನಗರದಲ್ಲಿ ಪುಸ್ತಕವನ್ನೇ ನಿಷೇಧಿಸಲಾಯಿತು. ಅಮೆರಿಕದ ಸಮಾಜಶಾಸ್ತ್ರಜ್ಞ ಡೇವಿಡ್ ಫಿಲಿಪ್ಸ್ 1974ರಲ್ಲಿ, ಪತ್ರಿಕೆಗಳ ಮುಖಪುಟದಲ್ಲಿ ಆತ್ಮಹತ್ಯೆಯ ಸುದ್ದಿ ಮೆರೆದ ಬಳಿಕ ಅಂಥ ಸಾವುಗಳು ಏರುವುದನ್ನು ಅಂಕಿಗಳಿಂದ ತೋರಿಸಿ, ಅದಕ್ಕೆ ಆ ಕಾದಂಬರಿಯ ಹೆಸರನ್ನೇ ಇಟ್ಟರು. ಹರೆಯದವರು ಈ ಅಂಟಿಗೆ ಹೆಚ್ಚು ಸಿಗುತ್ತಾರೆಂದು ಕೊಲಂಬಿಯಾದ ಮ್ಯಾಡೆಲಿನ್ ಗೂಲ್ಡ್ 1980ರ ದಶಕದಿಂದ ಸಾಧಿಸುತ್ತ ಬಂದರು.

ಕುತೂಹಲದ ಸಂಗತಿಯೆಂದರೆ, ಭಯ ಎಷ್ಟರಮಟ್ಟಿಗೆ ನಿಜ ಎಂದು ತೋರಿಸಿದ ಆ ಗೂಲ್ಡ್ ಅವರೇ ಅದು ಎಲ್ಲಿ ನಿಜವಲ್ಲ ಎಂಬುದನ್ನೂ ಪರೀಕ್ಷಿಸಿದರು. ನ್ಯೂಯಾರ್ಕ್ ರಾಜ್ಯದ ಆರು ಪ್ರೌಢಶಾಲೆಗಳ 2,342 ವಿದ್ಯಾರ್ಥಿಗಳನ್ನು ಅವರ ತಂಡ ಎರಡು ಪಾಲು ಮಾಡಿತು. ಒಂದು ಪಾಲಿನವರಿಗೆ ಕೊಟ್ಟ ಪ್ರಶ್ನಾವಳಿಯಲ್ಲಿ ಆತ್ಮಹತ್ಯೆಯ ಯೋಚನೆ, ಪ್ರಯತ್ನಗಳ ಬಗ್ಗೆ ನೇರ ಪ್ರಶ್ನೆಗಳಿದ್ದವು. ಇನ್ನೊಂದು ಪಾಲಿನವರ ಪ್ರಶ್ನಾವಳಿಯಲ್ಲಿ ಇರಲಿಲ್ಲ. ಎರಡು ದಿನಗಳ ನಂತರ ಎಲ್ಲರನ್ನೂ ಅದೇ ಪ್ರಶ್ನೆಗಳಿಂದ ವಿಚಾರಿಸಲಾಯಿತು. ಮೊದಲೇ ಕೇಳಿಸಿಕೊಂಡವರಲ್ಲಿ ಸಾಯುವ ಯೋಚನೆಯಾಗಲಿ ತಳಮಳವಾಗಲಿ ಹೆಚ್ಚಿರಲಿಲ್ಲ. ಅದಕ್ಕಿಂತ ಮಿಗಿಲಾಗಿ, ಖಿನ್ನತೆ ಇದ್ದವರು, ಹಿಂದೆ ಪ್ರಯತ್ನ ಮಾಡಿದ್ದವರು, ಅಂದರೆ ಯಾರ ವಿಷಯದಲ್ಲಿ ದೊಡ್ಡವರು ಅತಿ ಹೆಚ್ಚು ಹೆದರುತ್ತಾರೋ ಅವರೇ, ಕೇಳಿದ ಮೇಲೆ ತುಸು ನಿರಾಳವಾದಂತೆ ಕಂಡರು. 2005ರಲ್ಲಿ ಇದು ಪ್ರಕಟವಾಯಿತು. ಎರಡು ಸಂಜೆಗಳ ಚರ್ಚೆಗೆ ನಿಲುಕದ ಒಂದು ಸಣ್ಣ, ಖಚಿತ ಉತ್ತರ ತೊಂಬತ್ತೈದು ವರ್ಷಗಳ ಬಳಿಕ ಸಿಕ್ಕಿತ್ತು. ಸಾವನ್ನು ವೈಭವೀಕರಿಸಿ ತೋರಿಸುವುದು ಒಂದು. ಎದುರಿಗಿರುವ ಮಗುವನ್ನು ಹೇಗಿದ್ದೀಯಪ್ಪಾ, ಬದುಕೇ ಬೇಡ ಅನ್ನಿಸುತ್ತದೆಯೇ ಎಂದು ಕೇಳುವುದು ಮತ್ತೊಂದು. ಎರಡನ್ನೂ ಒಂದೇ ಎಂದು ತಿಳಿದದ್ದರಿಂದಲೇ ಇಷ್ಟು ಕಾಲ ಬಾಯಿ ಕಟ್ಟಿತ್ತು.

ದಾರಿ ತೆರೆದ ಮೇಲೆ ಕೆಲಸ ಬೇಗ ಸಾಗಿತು. ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ಲೀಸಾ ಹೊರೊವಿಟ್ಸ್ ಮತ್ತು ಸಂಗಡಿಗರು ಮೂರು ಮಕ್ಕಳ ಆಸ್ಪತ್ರೆಗಳ ತುರ್ತು ಚಿಕಿತ್ಸಾ ವಿಭಾಗಕ್ಕೆ ಬಂದ 524 ಮಂದಿ ಕಿರಿಯರ ಮೇಲೆ ಪ್ರಯೋಗ ಮಾಡಿ, ಕೇವಲ ನಾಲ್ಕು ಪ್ರಶ್ನೆಗಳ ಒಂದು ಪಟ್ಟಿಯನ್ನು 2012ರಲ್ಲಿ ಸಿದ್ಧಪಡಿಸಿದರು. ಜ್ವರಕ್ಕೋ ಮುರಿದ ಕೈಗೋ ಬಂದ ಹುಡುಗನನ್ನೂ ನರ್ಸ್ ಒಬ್ಬರು ಒಂದೆರಡು ನಿಮಿಷದಲ್ಲಿ ಕೇಳಿ ಮುಗಿಸಬಹುದಾದಷ್ಟು ಸರಳ ಪ್ರಶ್ನೆಗಳು ಅವು.

ಅಪಾಯದಲ್ಲಿರುವವರನ್ನು ಲಕ್ಷಣಗಳ ಪಟ್ಟಿಯಿಂದಲೇ ಗುರುತಿಸಿಬಿಡಬಹುದೆಂಬ ಆಸೆ ಮಾತ್ರ ಈಡೇರಲಿಲ್ಲ. ಜೋಸೆಫ್ ಫ್ರಾಂಕ್ಲಿನ್ ಮತ್ತು ಸಂಗಡಿಗರು ಐವತ್ತು ವರ್ಷಗಳ 365 ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಕೊಟ್ಟ ತೀರ್ಮಾನ ಸಂಶೋಧಕರ ಅಹಂಕಾರಕ್ಕೆ ಪೆಟ್ಟು ಕೊಡುವಂಥದು. ಖಿನ್ನತೆ, ಹಿಂದಿನ ಪ್ರಯತ್ನ, ಕುಟುಂಬದ ಕಲಹ ಇತ್ಯಾದಿ ಯಾವುದೇ ಅಂಶವನ್ನು ಬಿಡಿಬಿಡಿಯಾಗಿ ಹಿಡಿದು ಯಾರು ಮುಂದೆ ಹಾಗೆ ಮಾಡಿಕೊಂಡಾರು ಎಂದು ಊಹಿಸುವುದು, ನಾಣ್ಯ ಚಿಮ್ಮಿ ಹೇಳುವುದಕ್ಕಿಂತ ಸ್ವಲ್ಪವಷ್ಟೇ ಮೇಲು. ದೂರದಿಂದ ನೋಡಿ ಲೆಕ್ಕ ಹಾಕುವ ಶಾಸ್ತ್ರ ಸೋತಿತ್ತು. ಹತ್ತಿರ ಹೋಗಿ ಮಾತನಾಡಿಸುವ ದಾರಿಯೇ ಉಳಿಯಿತು.

ಅದರಲ್ಲಿಯೂ ಯಾರು ಮಾತನಾಡಿಸಬೇಕು? ಸ್ಟಾಕ್‌ಹೋಮಿನ ಕರೋಲಿನ್ಸ್ಕಾ ಸಂಸ್ಥೆಯ ಡನೂಟಾ ವಾಸರ್‌ಮನ್ ನೇತೃತ್ವದಲ್ಲಿ ಯುರೋಪಿನ 10 ದೇಶಗಳ 168 ಶಾಲೆಗಳಲ್ಲಿ, 11,110 ವಿದ್ಯಾರ್ಥಿಗಳ ಮೇಲೆ ನಡೆದ ಪ್ರಯೋಗ ಇದಕ್ಕೊಂದು ಅನಿರೀಕ್ಷಿತ ಉತ್ತರ ಕೊಟ್ಟಿತು. ಕೆಲವು ಶಾಲೆಗಳಲ್ಲಿ ಅಧ್ಯಾಪಕರಿಗೆ ತರಬೇತಿ ಕೊಡಲಾಯಿತು. ಕೆಲವು ಕಡೆ ತಜ್ಞರು ಮಕ್ಕಳನ್ನು ಜರಡಿ ಹಿಡಿದು ಚಿಕಿತ್ಸೆಗೆ ಕಳಿಸಿದರು. ಮತ್ತೆ ಕೆಲವು ಶಾಲೆಗಳಲ್ಲಿ ಮಕ್ಕಳೇ ತಮ್ಮ ಬದುಕಿನ ಇಕ್ಕಟ್ಟುಗಳನ್ನು ನಾಟಕದಂತೆ ಅಭಿನಯಿಸಿ, ತಮ್ಮತಮ್ಮಲ್ಲೇ ಚರ್ಚಿಸಿದರು. ಎಲ್ಲ ಸೇರಿ ಐದು ಗಂಟೆಗಳ ಕಾರ್ಯಕ್ರಮ. 2015ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಒಂದು ವರ್ಷದ ನಂತರ ಹೊಸ ಆತ್ಮಹತ್ಯಾ ಪ್ರಯತ್ನಗಳು ಗಣನೀಯವಾಗಿ ಇಳಿದದ್ದು ಮೂರನೆಯ ಗುಂಪಿನಲ್ಲಿ ಮಾತ್ರ: ಏನೂ ವಿಶೇಷ ಕ್ರಮವಿಲ್ಲದ ಶಾಲೆಗಳಲ್ಲಿ ಶೇಕಡಾ 1.51, ಇಲ್ಲಿ ಶೇಕಡಾ 0.70. ಮಕ್ಕಳು ಒಬ್ಬರನ್ನೊಬ್ಬರು ಕೇಳಿದ್ದು ತಜ್ಞರ ಜರಡಿಗಿಂತ ಹೆಚ್ಚು ಫಲ ಕೊಟ್ಟಿತ್ತು.

ಇದೆಲ್ಲ ಪಶ್ಚಿಮದ ಮಾತಾಯಿತು. ಭಾರತದಲ್ಲಿ ಕಡತವನ್ನು ಬದಿಗಿಟ್ಟು ಕೇಳಿದಾಗ ಏನಾಯಿತು ಎಂಬುದಕ್ಕೆ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನ ಅಧ್ಯಯನ ಕನ್ನಡಿ ಹಿಡಿಯುತ್ತದೆ. ತಮಿಳುನಾಡಿನ ಕಣಿಯಂಬಾಡಿ ಬ್ಲಾಕಿನ ಸುಮಾರು 1,08,000 ಜನರ ನಡುವೆ ಈ ಕಾಲೇಜಿನ ಆರೋಗ್ಯ ಕಾರ್ಯಕರ್ತರು ಬಹುಕಾಲದಿಂದ ಓಡಾಡಿಕೊಂಡಿದ್ದವರು. ಹಳ್ಳಿಯಲ್ಲಿ ಒಂದು ಸಾವಾದರೆ ಮನೆಗೆ ಹೋಗಿ, ಹೇಗಾಯಿತು, ಏನಾಯಿತು ಎಂದು ವಿಚಾರಿಸಿ ಬರೆದಿಡುತ್ತಿದ್ದರು. 1992ರಿಂದ 2001ರವರೆಗೆ ಹತ್ತರಿಂದ ಹತ್ತೊಂಬತ್ತು ವಯಸ್ಸಿನವರ ಸಾವುಗಳ ಲೆಕ್ಕ 2004ರಲ್ಲಿ ಪ್ರಕಟವಾದಾಗ ವೈದ್ಯಲೋಕ ಬೆಚ್ಚಿತು. ಆತ್ಮಹತ್ಯೆಯ ಪ್ರಮಾಣ ಹುಡುಗರಲ್ಲಿ ಲಕ್ಷಕ್ಕೆ 58, ಹುಡುಗಿಯರಲ್ಲಿ ಲಕ್ಷಕ್ಕೆ 148. ಆ ವಯಸ್ಸಿನ ಹುಡುಗಿಯರ ಒಟ್ಟು ಸಾವುಗಳಲ್ಲಿ ಅರ್ಧದಿಂದ ಮುಕ್ಕಾಲು ಪಾಲು ಇದೇ. ಆ ಕಾಲದ ಪೊಲೀಸ್ ಅಂಕಿಅಂಶದಂತೆ ಎಲ್ಲ ವಯಸ್ಸಿನವರೂ ಸೇರಿ ದೇಶದ ಪ್ರಮಾಣ ಲಕ್ಷಕ್ಕೆ ಹತ್ತು ಹನ್ನೊಂದರ ಆಸುಪಾಸಿನಲ್ಲಿತ್ತು.

ಈ ಅಂತರಕ್ಕೆ ಒಂದು ಕಾರಣ ಕಾನೂನು. ಆತ್ಮಹತ್ಯೆಯ ಪ್ರಯತ್ನವನ್ನು ಅಪರಾಧವೆಂದು ಎಣಿಸಿದ್ದ ಭಾರತೀಯ ದಂಡಸಂಹಿತೆಯ 309ನೆಯ ಕಲಮು ಬ್ರಿಟಿಷರು ಬಿಟ್ಟುಹೋದ ಆಸ್ತಿ. ಬ್ರಿಟನ್ ತನ್ನಲ್ಲಿ ಅಂಥ ಕಾನೂನನ್ನು 1961ರಲ್ಲೇ ತೆಗೆದುಹಾಕಿತು. ಇಲ್ಲಿ ಅದರ ಹಲ್ಲು ಕಿತ್ತದ್ದು 2018ರ ಮೇ ತಿಂಗಳಲ್ಲಿ ಜಾರಿಗೆ ಬಂದ ಮಾನಸಿಕ ಆರೋಗ್ಯ ಕಾಯಿದೆ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಕಲಮು ಇಲ್ಲ. ಪೊಲೀಸರ ಭಯ, ಊರವರ ಬಾಯಿ, ಮನೆಯಲ್ಲಿ ಮದುವೆಗೆ ಇರುವ ಇನ್ನೊಬ್ಬ ಮಗಳ ಚಿಂತೆ ಎಲ್ಲ ಸೇರಿ ಎಷ್ಟೋ ಸಾವುಗಳು ಆಕಸ್ಮಿಕಗಳಾದವು. ಹೊಟ್ಟೆನೋವು ತಾಳಲಾರದೆ ಎಂದು ಶುರುವಾಗುವ ಎರಡು ಸಾಲಿನ ಸುದ್ದಿ ಕನ್ನಡ ಪತ್ರಿಕೆಗಳ ಓದುಗರಿಗೆ ಹೊಸದಲ್ಲ. ಆ ಹೊಟ್ಟೆನೋವಿನ ಒಳಗೆ ಏನೇನಿತ್ತೋ ಬರೆದುಕೊಂಡ ಪೇದೆಗೂ ತಿಳಿಯದು. ದೇಶದಾದ್ಯಂತ ಮನೆಮನೆ ವಿಚಾರಿಸಿ ನಡೆಸಿದ ಸಮೀಕ್ಷೆಯೊಂದು, 2010ರಲ್ಲಿ ಭಾರತದಲ್ಲಿ ಸುಮಾರು 1,87,000 ಆತ್ಮಹತ್ಯೆಗಳಾದವೆಂದು ಅಂದಾಜು ಮಾಡಿತು. ಅದೇ ವರ್ಷದ ಪೊಲೀಸ್ ಲೆಕ್ಕ 1,34,599. ಹೆಣ್ಣುಮಕ್ಕಳಲ್ಲಿ ಇಂಥ ಸಾವುಗಳ ಅರ್ಧಕ್ಕಿಂತ ಹೆಚ್ಚು 15ರಿಂದ 29ರ ವಯಸ್ಸಿನೊಳಗೇ ಆಗಿದ್ದವು.

ವೆಲ್ಲೂರಿನ ಅಂಕಿಗಳು ಇನ್ನೊಂದು ಮಾತನ್ನೂ ಹೇಳುತ್ತವೆ. ಪಶ್ಚಿಮದಲ್ಲಿ ಹೆಚ್ಚಾಗಿ ಸಾಯುವವರು ಹುಡುಗರು. ಮಕ್ಕಳ ಆತ್ಮಹತ್ಯೆ ಎಂದೊಡನೆ ಪರೀಕ್ಷೆ, ಫಲಿತಾಂಶ, ಕೋಚಿಂಗ್ ಎಂದು ಯೋಚಿಸುವುದು ಭಾರತದಲ್ಲಿಯೂ ರೂಢಿಯಾಗಿದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ 2022ರಲ್ಲಿ ಆತ್ಮಹತ್ಯೆಗೆ ಬಲಿಯಾದ ವಿದ್ಯಾರ್ಥಿಗಳು 13,044 ಎಂದು ಲೆಕ್ಕ ಕೊಟ್ಟಾಗ ದೊಡ್ಡ ಸುದ್ದಿಯಾಯಿತು, ಆಗಬೇಕಾದದ್ದೇ. ಆದರೆ ಶಾಲೆ ಬಿಡಿಸಿಕೊಂಡು ಮನೆಗೆಲಸಕ್ಕೆ ನಿಂತ ಹದಿನಾರರ ಹುಡುಗಿ ಈ ಲೆಕ್ಕದೊಳಗೆ ಬರುವುದಿಲ್ಲ. ಮದುವೆಯಾಗಿ ಹೋದವಳು ಗೃಹಿಣಿ ಎಂಬ ಕಲಮಿಗೆ ಸೇರುತ್ತಾಳೆ. ಅವಳ ಪರವಾಗಿ ಕೂಗೆಬ್ಬಿಸಲು ಶಾಲೆಯೂ ಇಲ್ಲ, ಸಹಪಾಠಿಗಳೂ ಇಲ್ಲ.

ಪರೀಕ್ಷೆಯ ವಿಚಾರದಲ್ಲಿ ಕೈಗೆ ಸಿಗುವ ಒಂದು ಪರಿಹಾರವಂತೂ ದಕ್ಷಿಣದಲ್ಲಿ ಮೊಳೆಯಿತು. ಡಾ. ಲಕ್ಷ್ಮೀ ವಿಜಯಕುಮಾರ್ 1986ರಲ್ಲಿ ಚೆನ್ನೈನಲ್ಲಿ ಸ್ಥಾಪಿಸಿದ ಸ್ನೇಹಾ ಸಂಸ್ಥೆಯ ಸ್ವಯಂಸೇವಕರು ಸಂಕಟದಲ್ಲಿರುವವರ ಮಾತನ್ನು ಕೇಳುವವರು, ಉಪದೇಶ ಮಾಡುವವರಲ್ಲ. ಅನುತ್ತೀರ್ಣನಾದವನಿಗೆ ಇಡೀ ವರ್ಷ ಕೈತಪ್ಪುವ ಬದಲು ಕೆಲವೇ ವಾರಗಳಲ್ಲಿ ಮತ್ತೊಂದು ಪರೀಕ್ಷೆ ಸಿಗಬೇಕೆಂದು ಆ ಸಂಸ್ಥೆ ಒತ್ತಾಯಿಸಿತು. ತಮಿಳುನಾಡಿನಲ್ಲಿ ಆ ವ್ಯವಸ್ಥೆ ಬಂತು. ಕರ್ನಾಟಕದಲ್ಲಿ ಪೂರಕ ಪರೀಕ್ಷೆ ಮೊದಲಿನಿಂದ ಇತ್ತಾದರೂ, 2023-24ರಲ್ಲಿ ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯುಸಿಗೆ ವರ್ಷಕ್ಕೆ ಮೂರು ಪರೀಕ್ಷೆಗಳು ಬಂದವು, ಮೂರರಲ್ಲಿ ಉತ್ತಮವಾದ ಅಂಕ ಉಳಿಯುವಂತಾಯಿತು, ಪೂರಕ ಎಂಬ ಪದವೂ ಹೋಯಿತು. ಒಂದು ಪದ ಹೋದದ್ದು ಸಣ್ಣ ಸಂಗತಿ ಅನ್ನಿಸಬಹುದು. ಫೇಲಾದವನೆಂಬ ಹಣೆಪಟ್ಟಿ ಹೊತ್ತು ಬೇಸಗೆ ರಜೆಯನ್ನು ಕಳೆದವರಿಗೆ ಅದು ಸಣ್ಣದಲ್ಲ.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಗೂ ಈ ಚರಿತ್ರೆಯಲ್ಲಿ ಪಾಲಿದೆ. ಡಾ. ಜಿ. ಗುರುರಾಜ್, ಡಾ. ಮೋಹನ್ ಐಸಾಕ್ ಮತ್ತಿತರರು ನಗರದ ಆತ್ಮಹತ್ಯೆಗಳನ್ನು ಪೊಲೀಸ್ ದಾಖಲೆಯಿಂದಾಚೆಗೆ ಹೋಗಿ, ಕುಟುಂಬದವರನ್ನು ಮಾತನಾಡಿಸಿ, ಬದುಕಿರುವವರೊಡನೆ ಹೋಲಿಸಿ ನಡೆಸಿದ ಅಧ್ಯಯನ 2004ರಲ್ಲಿ ಬೆಳಕಿಗೆ ಬಂತು. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ-ಮನಸ್ ದೂರವಾಣಿ ಸೇವೆಗೂ ನಿಮ್ಹಾನ್ಸ್ ಪ್ರಧಾನ ಕೇಂದ್ರ. 14416 ಸಂಖ್ಯೆಗೆ ಕರೆ ಮಾಡಿದರೆ ಹಗಲಿರುಳೆನ್ನದೆ, ಶುಲ್ಕವಿಲ್ಲದೆ, ಕನ್ನಡದಲ್ಲಿಯೂ ಮಾತನಾಡಬಹುದು. ಮಕ್ಕಳಿಗೆಂದೇ 1098 ಇದೆ. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟು, ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳು ತರಬೇತಿ ಪಡೆದ ಆಪ್ತಸಮಾಲೋಚಕರನ್ನು ನೇಮಿಸಬೇಕೆಂದು ನಿರ್ದೇಶಿಸಿತು. ನೇಮಕವಾದವರ ಕೊಠಡಿಯ ಬಾಗಿಲು ತಟ್ಟುವ ಧೈರ್ಯ ಮಗುವಿಗೆ ಬರುವುದೋ, ಅಲ್ಲಿಗೆ ಹೋದವನನ್ನು ಗೆಳೆಯರು ಹುಚ್ಚನೆನ್ನುವರೋ ಎಂಬುದು ಆದೇಶದಿಂದ ತೀರುವ ಪ್ರಶ್ನೆಯಲ್ಲ.

ಕಥೆ ಆರಂಭವಾದ ವಿಯೆನ್ನಾಕ್ಕೆ ಮತ್ತೊಮ್ಮೆ ಹೋಗಬೇಕು. 1980ರ ದಶಕದಲ್ಲಿ ಆ ನಗರದಲ್ಲಿ ಒಂದು ಬಗೆಯ ಆತ್ಮಹತ್ಯೆಗಳು ಏರುತ್ತಿದ್ದವು. ಪತ್ರಿಕೆಗಳು ಅವನ್ನು ಚಿತ್ರವತ್ತಾಗಿ ಬಣ್ಣಿಸುತ್ತಿದ್ದವು. ಗೆರ್ನೊಟ್ ಸೊನೆಕ್ ಮತ್ತಿತರ ತಜ್ಞರ ಮಾತಿಗೆ ಓಗೊಟ್ಟು 1987ರ ನಡುವಿನಲ್ಲಿ ಪತ್ರಿಕೆಗಳು ಆ ವರದಿಗಳನ್ನು ತಗ್ಗಿಸಿದವು, ವಿವರ ಬಿಟ್ಟವು. ವರ್ಷದ ಮೊದಲಾರ್ಧಕ್ಕೆ ಹೋಲಿಸಿದರೆ ಉತ್ತರಾರ್ಧದಲ್ಲಿ ಆ ಬಗೆಯ ಪ್ರಕರಣಗಳು ಶೇಕಡಾ 80ಕ್ಕಿಂತ ಹೆಚ್ಚು ಇಳಿದವು. 2010ರಲ್ಲಿ ಅದೇ ನಗರದ ಥಾಮಸ್ ನೀಡರ್‌ಕ್ರೋಟೆಂಟಾಲರ್ ಮತ್ತು ಸಂಗಡಿಗರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಸಾಯಬೇಕೆಂದುಕೊಂಡು ಆ ಕಷ್ಟವನ್ನು ದಾಟಿ ಬದುಕಿದವರ ಕಥೆಗಳನ್ನು ಪತ್ರಿಕೆಗಳು ಬರೆದಾಗ ಸಾವುಗಳು ಕಡಿಮೆಯಾಗುವ ಸೂಚನೆ ಅವರಿಗೆ ಕಂಡಿತು.

ಆ ಪರಿಣಾಮಕ್ಕೆ ಅವರು ಪಾಪಗೇನೊ ಎಂದು ಹೆಸರಿಟ್ಟರು. 1791ರಲ್ಲಿ ವಿಯೆನ್ನಾದಲ್ಲಿಯೇ ಮೊದಲು ರಂಗಕ್ಕೇರಿದ ಮೊಜಾರ್ಟ್‌ನ ಮಾಯಾಕೊಳಲು ಎಂಬ ಸಂಗೀತ ನಾಟಕದಲ್ಲಿ ಬರುವ ಹಕ್ಕಿ ಹಿಡಿಯುವವನ ಹೆಸರದು. ಪ್ರೀತಿಸಿದವಳು ಇನ್ನು ಸಿಗುವುದಿಲ್ಲವೆಂದು ಬಗೆದು ಅವನು ಪ್ರಾಣ ಬಿಡಲು ಹೊರಡುತ್ತಾನೆ. ತನ್ನನ್ನು ಬೇಕೆನ್ನುವವರು ಒಬ್ಬರಾದರೂ ಇದ್ದಾರೆಯೇ ಎಂದು ಕೂಗಿ ಕೇಳುತ್ತಾನೆ, ಉತ್ತರಕ್ಕೆ ಕಾಯುತ್ತಾನೆ. ಓಡಿ ಬಂದು ಅವನನ್ನು ತಡೆಯುವವರು ಮೂವರು ಹುಡುಗರು. ನಿನ್ನ ಹತ್ತಿರ ಗಂಟೆಗಳಿವೆಯಲ್ಲ, ಅವನ್ನು ಬಾರಿಸಿ ನೋಡು ಎಂದು ಅವರು ಅವನಿಗೆ ನೆನಪು ಮಾಡಿಕೊಡುತ್ತಾರೆ.